ನೆಲ ಕಚ್ಚಿದ ಕೆಂಪು ಗೆರೆ

ಹೆಂಡತಿ: ಇದು ಗ್ರಾಫಾ? ಯಾರೋ ಕಂಪ್ಯೂಟರ್ ಮೇಲೆ ಕಲ್ಲಂಗಡಿ ಒಡೆದಿದ್ದಾರೆ ಅಂದ್ಕೊಂಡೆ!

ಗಂಡ: ನೋಡೋಕೆ ಕಣ್ಣು ಬೇಕು ಕಣೇ. ಇಪ್ಪತ್ತೆಂಟು ಊರಿನ ಮಾರಾಟ, ಇಪ್ಪತ್ತೆಂಟು ಬಣ್ಣ, ಎಲ್ಲಾ ಒಂದೇ ಚಕ್ರದಲ್ಲಿ!

ಹೆಂಡತಿ: ಇದರಲ್ಲಿ ಹಸಿರೇ ಒಂಬತ್ತು ಥರ ಇದೆಯಲ್ರೀ!

ಗಂಡ: ಒಂದು ಗಿಳಿ, ಒಂದು ಪಾಚಿ, ಒಂದು ಎಲೆ...

ಹೆಂಡತಿ: ಪರದೆ ತನ್ನಿ ಅಂದ್ರೆ ಕಿಟಕಿಗೊಂದು ಬಣ್ಣ ತಂದು, ಎಲ್ಲಾ ಒಂದೇ ಅಂತ ವಾದ ಮಾಡಿದೋರು ನೀವು. ಈಗ ಗಿಳಿ, ಪಾಚಿ ಅಂತೆ!

(ದಿಂಬು ತಯಾರಿಸುವ ಕಂಪನಿ. ಗಂಡ ಮಾರಾಟ ವಿಭಾಗದ ಮುಖ್ಯಸ್ಥ, ಹೆಂಡತಿ ವರದಿ ವಿಭಾಗದ ಮುಖ್ಯಸ್ಥೆ, ಕಂಪನಿಯ ಯಜಮಾನ ಆಕೆಯ ಸ್ವಂತ ಅಣ್ಣ. ಯಾರಿಗೆ ಯಾವ ಅಂಕಿ ಅಂಶ ಬೇಕಾದರೂ ಇಷ್ಟು ದಿನ ಆಕೆಯ ಮೇಜಿನ ಮುಂದೆ ನಿಲ್ಲಬೇಕಿತ್ತು. ಹೋದ ವಾರ ಹೊಸ ಸಾಫ್ಟ್‌ವೇರ್ ಬಂತು: ಇನ್ನು ಮೇಲೆ ಯಾರ ವರದಿ ಅವರೇ ಮಾಡಿಕೊಳ್ಳಬಹುದು. ಗಂಡ ಆವತ್ತಿನಿಂದ ಕುರ್ಚಿ ಬಿಟ್ಟೆದ್ದಿಲ್ಲ.)

ಗಂಡ: ನಿನಗೆ ಹೊಟ್ಟೆಕಿಚ್ಚು. ಬೇಸಿಗೆ ಮಾರಾಟ ಎಷ್ಟಾಯ್ತು ಅಂತ ಕೇಳಿದ್ರೆ ಮಳೆಗಾಲದಲ್ಲಿ ಹೇಳ್ತಿದ್ದೆ. ಕಟ್ಟಿಕೊಂಡ ಗಂಡನನ್ನೇ ಸಾಲಲ್ಲಿ ನಿಲ್ಲಿಸಿದ್ದೆ!

ಹೆಂಡತಿ: ಗಂಡ ಮನೇಲಿ. ಇಲ್ಲಿ ನೀವು ಬರೀ ಮಾರಾಟ ವಿಭಾಗ.

ಗಂಡ: ಈಗ ಆ ಗೋಳಿಲ್ಲ. ತಟ್ಟೆ ಹಿಡ್ಕೊಂಡು ನಮಗೆ ಬೇಕಾದ್ದು ನಾವೇ ಬಡಿಸಿಕೊಳ್ತೀವಿ.

ಹೆಂಡತಿ: ಬಡಿಸ್ಕೊಳ್ಳಿ ಅಂದ್ರೆ ಅಡುಗೆಮನೇನೇ ತಟ್ಟೆಗೆ ಸುರ್ಕೊಂಡಿದ್ದೀರಲ್ಲ! (ಮುಂದಿನ ಪುಟ ನೋಡಿ) ಇದೇನಿದು ಕೆಂಪು ಗೆರೆ, ಬಾವಿಗೆ ಹಾರಿದ ಹಾಗೆ?

ಗಂಡ: (ದನಿ ತಗ್ಗಿಸಿ) ಮಕ್ಕಳ ದಿಂಬು. ಪಾಪ, ನೆಲ ಕಚ್ಚಿದೆ. ಬೆಳಿಗ್ಗೇನೇ ಭಾವನಿಗೆ ಕಳಿಸಿದೆ.

ಹೆಂಡತಿ: ನೆಲ ಕಚ್ಚಿರೋದು ಏನು?

ಗಂಡ: ಗೆರೆ.

ಹೆಂಡತಿ: ಯಾವುದರ ಗೆರೆ?

ಗಂಡ: ಮಕ್ಕಳ ದಿಂಬಿಂದು.

ಹೆಂಡತಿ: ದಿಂಬಿನ ಏನದು?

ಗಂಡ: ಗೆರೆ ಅಂದ್ನಲ್ಲೇ!

(ಯಜಮಾನ ಒಳಗೆ ಬರುತ್ತಾರೆ. ಕೈಯಲ್ಲಿ ಕರವಸ್ತ್ರ. ತಲೆಗೂದಲಲ್ಲಿ ಹತ್ತಿ ಚೂರು.)

ಯಜಮಾನ: ಮನಸ್ಸು ಗಟ್ಟಿ ಮಾಡ್ಕೋ ತಂಗೀ. ಮಕ್ಕಳ ದಿಂಬು ಹೋಯ್ತು.

ಹೆಂಡತಿ: ಎಲ್ಲಿಗೆ ಹೋಯ್ತಣ್ಣ?

ಯಜಮಾನ: ಕೆಳಗೆ. ನಿನ್ನ ಗಂಡನ ಗ್ರಾಫು ನೋಡ್ಲಿಲ್ವಾ? ಆ ವಿಭಾಗ ಮುಚ್ಚಿಬಿಡೋಣ ಅಂತ ತೀರ್ಮಾನ ಮಾಡ್ದೆ. ಹೊಲಿಯೋ ಹೆಂಗಸರಿಗೆ ನಾಳೆಯಿಂದ ಬರಬೇಡಿ ಅಂತ ಹೇಳೋಕೆ ಹೋದೆ. ಬಾಗಿಲಲ್ಲಿ ನಿಂತ್ರೆ ಬಾಯೇ ಬರಲಿಲ್ಲ. 'ಎಲ್ಲಾ ಚೆನ್ನಾಗಿದ್ದೀರಾ?' ಅಂತ ಕೇಳಿ ವಾಪಸ್ ಬಂದೆ.

ಗಂಡ: ಅವರೇನಂದ್ರು ಭಾವ?

ಯಜಮಾನ: 'ನಾವು ಚೆನ್ನಾಗಿದ್ದೀವಿ, ನೀವ್ಯಾಕೆ ಅಳ್ತಿದ್ದೀರಾ?' ಅಂದ್ರು. ಹತ್ತಿ ಕಣ್ಣಿಗೆ ಬಿತ್ತು ಅಂದೆ. ಆಗ ನಾಲ್ಕು ಜನ ಸೇರಿ ನನ್ನ ಕಣ್ಣು ಊದಿದ್ರು. ಅಂಥೋರನ್ನ ಹೇಗೆ ಕಳಿಸ್ಲಿ, ಹೇಳು? ಒಂದೇ ಸಮಾಧಾನ ಅಂದ್ರೆ ನಿನ್ನ ಗಂಡನ ರಾಜದಿಂಬು. ಅದರ ಗೆರೆ ಹಾಳೆ ದಾಟಿ ಆಚೆ ಹೋಗಿದೆ!

ಗಂಡ: (ನಾಚಿ) ನಂದೇನಿಲ್ಲ ಭಾವ. ಸುಮ್ನೆ ಒಂದು ಯೋಚನೆ ಬಂತು, ಒಂದು ಕರುವಿನಷ್ಟು ದೊಡ್ಡ ದಿಂಬು ಮಾಡಿದ್ರೆ ಹೇಗೆ ಅಂತ.

(ಹೆಂಡತಿ ಗಂಡನನ್ನು ಕುರ್ಚಿ ಸಮೇತ ಪಕ್ಕಕ್ಕೆ ತಳ್ಳಿ ಕೀಲಿಮಣೆ ಎಳೆದುಕೊಳ್ಳುತ್ತಾಳೆ.)

ಹೆಂಡತಿ: ನೀವು ಆರಿಸಿರೋ ಕಾಲಮ್ಮು ಯಾವುದು ನೋಡ್ರೀ. 'ವಾಪಸ್'!

ಗಂಡ: ಹೌದು. ಒಂದ್ಸಲ ಕೊಂಡ ಗಿರಾಕಿ ವಾಪಸ್ ಬಂದು ಮತ್ತೆ ಕೊಂಡಿದ್ದು. ಪ್ರೀತಿಯ ಲೆಕ್ಕ ಅದು.

ಹೆಂಡತಿ: ಗಿರಾಕಿ ವಾಪಸ್ ಬಂದಿದ್ದಲ್ಲ, ದಿಂಬು ವಾಪಸ್ ಬಂದಿದ್ದು! ಬೇಡ ಅಂತ ತಂದು ಬಿಸಾಕಿ ಹೋದ ಮಾಲು!

(ಯಜಮಾನ ಕರವಸ್ತ್ರ ಮಡಚಲು ಶುರುಮಾಡುತ್ತಾರೆ.)

ಯಜಮಾನ: ಹಾಗಾದ್ರೆ ಮಕ್ಕಳ ದಿಂಬಿನ ಗೆರೆ ಕೆಳಗಿಳಿದಿದೆ ಅಂದ್ರೆ...

ಹೆಂಡತಿ: ಯಾರೂ ವಾಪಸ್ ಕೊಡ್ತಿಲ್ಲ ಅಂತ ಅಣ್ಣ. ನೀನು ಅತ್ತಿದ್ದು ಒಳ್ಳೇ ಸುದ್ದಿಗೆ.

ಗಂಡ: ಒಂದು ನಿಮಿಷ. ಆ ಕಾಲಮ್ಮಿಗೆ ಬರೀ 'ವಾಪಸ್' ಅಂತ ಹೆಸರಿಟ್ಟೋರು ಯಾರು?

ಹೆಂಡತಿ: ... ನಾನು.

ಗಂಡ: ಏನು ವಾಪಸ್ಸು ಅಂತ ಬರೆಯೋಕೆ ಏನಾಗಿತ್ತು?

ಹೆಂಡತಿ: ನನಗೆ ಗೊತ್ತಿತ್ತಲ್ಲ!

ಯಜಮಾನ: ನೀವಿಬ್ರೂ ಮನೇಲೂ ಹೀಗೇನಾ? ನನಗೆ ಅರ್ಥ ಆಗೋ ಹಾಗೆ ಒಂದು ಚಿತ್ರ ಕೊಡ್ರಪ್ಪಾ!

(ಹೆಂಡತಿ ಟಕಟಕ ಒತ್ತುತ್ತಾಳೆ. ಚಕ್ರ ಹೋಯಿತು, ಗಿಳಿ ಪಾಚಿಗಳೂ ಹೋದವು. ಪರದೆಯ ಮೇಲೆ ಉಳಿದದ್ದು ಎರಡೇ ಪಟ್ಟಿ, ಒಂದು ಗಿಡ್ಡ, ಒಂದು ಉದ್ದ. ಮೇಲೆ ಒಂದು ಸಾಲು: 'ಗಿರಾಕಿಗಳು ಹಿಂದಿರುಗಿಸಿದ ದಿಂಬು: ನೂರಕ್ಕೆ ಮಕ್ಕಳದು ಎರಡು, ರಾಜದಿಂಬು ನಲವತ್ತು.')

ಯಜಮಾನ: ಓಹೋ! ಗೊತ್ತಾಯ್ತು. ಭಾವ, ಈ ರಾಜದಿಂಬು ಯಾಕೆ ವಾಪಸ್ ಕೊಡ್ತಿದ್ದಾರೆ?

ಗಂಡ: (ಗೊಣಗುತ್ತಾ) ಮಂಚದ ಮೇಲೆ ದಿಂಬಿಟ್ರೆ ಮನುಷ್ಯರಿಗೆ ಜಾಗ ಇರಲ್ವಂತೆ. ನಾನು ಹೊಗಳಿಕೆ ಅಂದ್ಕೊಂಡಿದ್ದೆ.

ಯಜಮಾನ: ಉಳಿದಿರೋದನ್ನೆಲ್ಲ ಹೆಂಗಸರ ಹತ್ರ ಕಳಿಸಿ. ಒಂದನ್ನ ಬಿಚ್ಚಿದ್ರೆ ಮಕ್ಕಳ ದಿಂಬು ಆರಾದ್ರೂ ಆಗುತ್ತೆ. ನಾನೇ ಹೋಗಿ ಅವರಿಗೆ ಹೇಳ್ತೀನಿ, ಈ ಸಲ ನಗ್ತಾ ಹೋಗ್ತೀನಿ!

(ಯಜಮಾನ ಓಡುತ್ತಾರೆ. ಗಂಡ ಆ ಎರಡು ಪಟ್ಟಿಗಳನ್ನೇ ಬಹಳ ಹೊತ್ತು ದಿಟ್ಟಿಸುತ್ತಾನೆ.)

ಗಂಡ: ನಿನ್ನ ಗ್ರಾಫಲ್ಲಿ ಒಂದು ದೊಡ್ಡ ದೋಷ ಇದೆ ಕಣೇ.

ಹೆಂಡತಿ: ಏನ್ರೀ ಅದು?

ಗಂಡ: ನೋಡಿದೋರಿಗೆಲ್ಲ ಅರ್ಥ ಆಗ್ಬಿಡುತ್ತೆ!