ಹಿಮ್ಮುಖ ಜಿಗಿತ

ಮೂರನೇ ತರಗತಿಯ ಕಳೆಯುವ ಲೆಕ್ಕವನ್ನು ಒಂದೇ ಭಾನುವಾರದಲ್ಲಿ ಮಗಳ ತಲೆಗೆ ಇಳಿಸಿಬಿಡುತ್ತೇನೆ ಎಂದು ನಾನು ಘೋಷಿಸಿದಾಗ ನನ್ನ ಹೆಂಡತಿ ಪ್ರತಿಮಾ ಪಡಸಾಲೆಯ ಫ್ಯಾನಿನ ಕೆಳಗೆ ಕುಳಿತು ಬಜ್ಜಿಗೆ ಮೆಣಸಿನಕಾಯಿ ಸೀಳುತ್ತಿದ್ದಳು. ಮಧ್ಯಾಹ್ನ ಅವಳ ಅಣ್ಣನ ಮನೆಯವರು ಊಟಕ್ಕೆ ಬರುವವರಿದ್ದರು.

"ಟೀಚರ್ ಚೆಂದಾಗೇ ಹೇಳಿಕೊಟ್ಟಾರ. ನೀವು ಸುಮ್ನಿದ್ರ ಸಾಕು," ಎಂದಳು.

ಸುಮ್ಮನಿರುವುದು ನನ್ನ ಜಾತಕದಲ್ಲೇ ಇಲ್ಲ. ಆದೋನಿಯ ಒಂದು ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿ ಬೇಲುಗಳಿಗೆ ನಂಬರು ಹಾಕಿಸುವ ಸೂಪರ್‌ವೈಜರ್ ನಾನು. ದೊಡ್ಡ ಸಂಖ್ಯೆಗಳೆಲ್ಲ ನನ್ನ ಕೈಕೆಳಗಿನ ನೌಕರರು ಎಂದೇ ತಿಳಿದವನು. ಮಗಳು ಲಾವಣ್ಯಳಿಗೆ ಬುಧವಾರ ಪರೀಕ್ಷೆಯಿತ್ತು. ಅವಳ ಪುಸ್ತಕದಲ್ಲಿ ಸಂಖ್ಯಾರೇಖೆ ಎಂದು ಒಂದು ಗೆರೆ, ಅದರ ಮೇಲೊಂದು ಕಪ್ಪೆ. ಗೆರೆ ಗೇಣುದ್ದ. ನೂರಾರು ಸಂಖ್ಯೆಗಳನ್ನು ಗೇಣುದ್ದದಲ್ಲಿ ಕಲಿಸಿದರೆ ಮಗುವಿನ ಬುದ್ಧಿಯೂ ಗೇಣುದ್ದಕ್ಕೇ ನಿಂತೀತು ಎಂದು ನನಗೆ ಅನ್ನಿಸಿತು.

ಸ್ಕೂಟರಿನ ಡಿಕ್ಕಿಯಲ್ಲಿ ಹತ್ತಿ ಬೇಲುಗಳಿಗೆ ಗುರುತು ಹಾಕುವ ಕಪ್ಪು ಮಸಿ ಇತ್ತು. ಪ್ರತಿಮಾ ಎಣ್ಣೆ ಕಾಯಿಸಲು ಒಳಗೆ ಹೋದದ್ದೇ ತಡ, ಅಡುಗೆಮನೆಯ ಹೊಸ್ತಿಲಲ್ಲಿ ಸೊನ್ನೆ ಬರೆದೆ. ಅಲ್ಲಿಂದ ನೆಲದ ಹಾಸುಬಂಡೆಗೊಂದು ಐವತ್ತರಂತೆ ಏರಿಸುತ್ತಾ ಬೀದಿ ಬಾಗಿಲಿನಲ್ಲಿ ಐನೂರು ಮುಟ್ಟಿಸಿದೆ. ಎದ್ದು ನಿಂತು ನೋಡಿದರೆ ನಮ್ಮ ಪಡಸಾಲೆ ರಾಷ್ಟ್ರೀಯ ಹೆದ್ದಾರಿಯಂತೆ ಕಂಗೊಳಿಸುತ್ತಿತ್ತು.

"ನಾಲ್ಕುನೂರ ಎರಡರಾಗ ನೂರ ಎಪ್ಪತ್ತೆಂಟು ಕಳಿ," ಎಂದೆ.

ಲಾವಣ್ಯ ಲಂಗ ಎತ್ತಿ ಹಿಡಿದು ಸೀದಾ ನೂರ ಎಪ್ಪತ್ತೆಂಟು ಇರಬಹುದಾದ ಕಡೆ ಹೋಗಿ ನಿಂತಳು. "ಎರಡು ಹಾರಿದ್ರ ನೂರ ಎಂಬತ್ತು. ಇಪ್ಪತ್ತು ಹಾರಿದ್ರ ಇನ್ನೂರು. ಇನ್ನೂರು ಹಾರಿದ್ರ ನಾಲ್ಕುನೂರು. ಮತ್ತ ಎರಡು. ಇನ್ನೂರ ಇಪ್ಪತ್ನಾಲ್ಕು, ಅಪ್ಪಾ."

ಉತ್ತರ ಸರಿಯೋ ತಪ್ಪೋ ನನಗೆ ಗೊತ್ತಿರಲಿಲ್ಲ. ನಾನಿನ್ನೂ ಲೆಕ್ಕ ಮಾಡಿರಲಿಲ್ಲ. ಆದರೆ ಅವಳು ಹೋದ ದಿಕ್ಕು ತಪ್ಪು ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

"ಕಳಿಯೋದಂದ್ರ ಹಿಂದಕ್ಕ ಹೋಗೋದು. ನೀ ಮುಂದಕ್ಕ ಹೊಂಟಿ. ಅದು ಕೂಡೋ ಲೆಕ್ಕ."

"ಅಲ್ಲಪ್ಪಾ, ನಡುವ ಎಷ್ಟು ದೂರ ಐತಿ ಅಂತ ನೋಡಿದ್ರ..."

"ನಾ ಹೇಳಾಕತ್ತೀನಲ್ಲ. ಇಲ್ಲಿ ನೋಡು."

ನಾಲ್ಕುನೂರ ಎರಡರ ಮೇಲೆ ಬೀದಿಗೆ ಮುಖ ಮಾಡಿ ನಿಂತೆ. ಪಂಚೆ ಮೇಲೆ ಕಟ್ಟಿದೆ. ಹಿಂದಕ್ಕೆ ನೂರು ಜಿಗಿದೆ, ಮುನ್ನೂರ ಎರಡು. ಗಾಂಭೀರ್ಯಕ್ಕೆ ಎಲ್ಲೂ ಕುಂದು ಬರಲಿಲ್ಲ. ಆಮೇಲೆ ಎಪ್ಪತ್ತು ಜಿಗಿದೆ. ಅಲ್ಲಿ, ಪ್ರತಿಮಾ ಬಿಟ್ಟುಹೋಗಿದ್ದ ಕಡಲೆಹಿಟ್ಟಿನ ಬೋಗುಣಿ ನನ್ನ ಹಿಮ್ಮಡಿಗಾಗಿ ಕಾದಿತ್ತು. ಕಾಲು ಜಾರಿತು. ಆರು ಜನರ ಬಜ್ಜಿಗೆ ಕಲಸಿಟ್ಟ ಹಿಟ್ಟಿನಲ್ಲಿ ನಾನೊಬ್ಬನೇ ಕುಳಿತೆ.

ಸದ್ದಿಗೆ ಓಡಿಬಂದ ಪ್ರತಿಮಾ ನನ್ನನ್ನು ನೋಡಿದಳು, ಬಂಡೆಗಳನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು.

"ಈಗ ಎಷ್ಟರ ಮ್ಯಾಲ ಕುಂತೀರಿ?"

"ಇನ್ನೂರ ಮೂವತ್ತೆರಡು," ಎಂದೆ.

ಲಾವಣ್ಯ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕುಬಿಟ್ಟಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ನಗಲಿಲ್ಲ. ಬೆನ್ನು ನೋಯುತ್ತಿತ್ತು, ಪಂಚೆಯಿಂದ ಹಿಟ್ಟು ತೊಟ್ಟಿಕ್ಕುತ್ತಿತ್ತು, ಮೀಸೆ ಬಂದ ಮೇಲೆ ಇಂಥ ಅವಮಾನ ಆಗಿರಲಿಲ್ಲ. ಆ ಸಿಟ್ಟನ್ನೆಲ್ಲ ಮಗುವಿನ ಮೇಲೆ ಸುರಿದೆ. "ನಗ್ತೀಯೇನು? ದಡ್ಡಿ. ಇನ್ನೊಮ್ಮೆ ಮುಂದಕ್ಕ ಹೋದ್ರ ನೋಡು," ಎಂದು ಗದರಿದೆ. ಅವಳು ಹಿಂದಕ್ಕೆ ಜಿಗಿದಳು, ತಪ್ಪಿದಳು, ಮತ್ತೆ ಜಿಗಿದಳು. ಎಣಿಸುವ ದನಿ ಸಣ್ಣದಾಗುತ್ತಾ ಹೋಗಿ ಕೊನೆಗೆ ನಿಂತೇಹೋಯಿತು.

"ಪೋನಿ, ಹೋಗ್ಲಿ ಬಿಡ್ರಿ ಆ ಕೂಸನ್ನ," ಎಂದು ಪ್ರತಿಮಾ ಅವಳನ್ನು ಒಳಗೆ ಕರೆದುಕೊಂಡು ಹೋದಳು.

ಬಂದ ನೆಂಟರಿಗೆ ಬಜ್ಜಿಯಿಲ್ಲದ ಮಂಡಕ್ಕಿ ಉಗ್ಗಾಣಿ. ಸೀಮೆಎಣ್ಣೆ, ಸೋಪಿನ ಪುಡಿ, ನಿಂಬೆಹಣ್ಣು ಎಲ್ಲ ಹಾಕಿ ಉಜ್ಜಿದರೂ ಮಸಿ ಹೋಗಲಿಲ್ಲ. ಕಳೆಯುವುದನ್ನು ಕಲಿಸಲು ಹೋಗಿ ಕಳೆಯಲಾರದ ಕಲೆ ಮಾಡಿಟ್ಟಿದ್ದೆ. ನನ್ನ ಭಾವಮೈದುನ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ, "ಐನೂರಕ್ಕ ಬಂದೀವಿ, ಊಟ ಎಷ್ಟರಾಗ ಐತಿ?" ಎಂದು ಕೇಳಿದ.

ಮುಂದಿನ ವಾರ ಚೇತನಾ ಟೀಚರ್ ನನ್ನನ್ನು ಶಾಲೆಗೆ ಕರೆಸಿದರು.

"ಲಾವಣ್ಯಾಗ ಏನಾಗೈತ್ರಿ? ಸಣ್ಣ ಸಂಖ್ಯೆಯಿಂದ ದೊಡ್ಡದಕ್ಕ ಜಿಗಿಯೋದನ್ನ ಕ್ಲಾಸಿನಾಗ ಎಲ್ಲರಿಗೂ ಆಕಿನೇ ಬೋರ್ಡ್ ಮ್ಯಾಲ ತೋರಿಸಿದ್ಲು. ಪರೀಕ್ಷಾದಾಗ ಒಂದು ಲೆಕ್ಕಾನೂ ಹಂಗ ಮಾಡಿಲ್ಲ, ಎಲ್ಲಾ ತಪ್ಪು."

"ಹಂಗ ಮಾಡಿದ್ರೂ ಉತ್ತರ ಬರ್ತದೇನ್ರಿ?" ಎಂದೆ.

"ಬರ್ತದ್ರಿ. ನಾವೇ ಕಲಿಸಿದ್ದು. ಯಾಕ ಬಿಟ್ಟಿ ಅಂತ ಕೇಳಿದ್ರ, ಮುಂದಕ್ಕ ಹೋದ್ರ ಅಪ್ಪ ಬೈತಾನ ಅಂದ್ಲು."

ಮಗಳನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಮನೆಗೆ ಹೊರಟೆ. ರೈಲ್ವೆ ಗೇಟು ಹಾಕಿತ್ತು. ಎಂಜಿನ್ ಆಫ್ ಮಾಡಿದೆ.

"ನಿನ್ನ ಲೆಕ್ಕಾನೇ ಸರಿ ಇತ್ತವ್ವ. ನಂದೇ ತಪ್ಪು," ಎಂದೆ.

ಅವಳು ತಿರುಗಿ ನೋಡಲಿಲ್ಲ. ಕನ್ನಡಿಯ ಮೇಲಿನ ಧೂಳಿನಲ್ಲಿ ಬೆರಳಿಂದ ಒಂದು ಗೆರೆ ಎಳೆದಳು.

"ನನಗ ಬರಂಗಿಲ್ಲ ಅದು. ಕಲಿಸ್ತೀಯೇನು?" ಎಂದು ಕೇಳಿದೆ.

ಗೂಡ್ಸ್ ಗಾಡಿ ಪೂರ್ತಿ ದಾಟಿ ಹೋಗುವವರೆಗೂ ಅವಳು ಯೋಚನೆ ಮಾಡಿದಳು.

"ಕಲಿಸ್ತೀನಿ," ಎಂದಳು. "ತಪ್ಪಾದ್ರ ಹೆದರಬ್ಯಾಡ ಅಪ್ಪಾ. ನಾ ಬೈಯಂಗಿಲ್ಲ."