ತಾವರಗೇರಾದ ಶೆಡ್ಡಿನ ಮುಂದೆ ಒಂದು ರವಿವಾರ ನಿಂತು ಹೋದ ತುರ್ಕಿಯ ಮನೆಗಾಡಿಗೆ

ತಾವರಗೇರಾ
ಮಾರ್ಚ್ ೨೦೧೪

ಮಾನ್ಯ ಮನೆಗಾಡಿಯವರೇ,

ತಾವು ಈಗ ಯಾವ ಊರಿನ ಯಾವ ಗಿಡದ ನೆರಳಲ್ಲಿ ಬಿಡಾರ ಹೂಡಿದ್ದರೂ ತಮ್ಮ ಗಾಲಿಗಳಿಗೆ ಆಯುರಾರೋಗ್ಯ ದೊರೆಯಲಿ ಎಂದು ಹಾರೈಸುತ್ತ, ಇಲ್ಲಿಯ ಕನ್ನಡ ಶಾಲೆಯ ಶಿಕ್ಷಕಿಯೂ, ಟ್ರ್ಯಾಕ್ಟರ್ ರಿಪೇರಿಯ ದೇವೇಂದ್ರಪ್ಪನವರ ಧರ್ಮಪತ್ನಿಯೂ ಆದ ಯಮನೂರಮ್ಮ ಮಾಡುವ ನಮಸ್ಕಾರಗಳು. ಹೋದ ತಿಂಗಳ ಮೊದಲ ರವಿವಾರ ನಮ್ಮ ಶೆಡ್ಡಿನ ಮುಂದಿನ ಬೇವಿನ ಗಿಡದ ಕೆಳಗೆ, ಜಾಕಿನ ಮೇಲೆ ಹಿಂಭಾಗ ಎತ್ತಿಸಿಕೊಂಡು ನಿಂತವರು ತಾವೇ ಎಂಬುದನ್ನು ವಿನಯಪೂರ್ವಕ ನೆನಪಿಸುತ್ತೇನೆ.

ತುರ್ಕಿ ದೇಶದಿಂದ ಹೊರಟು, ಎಷ್ಟೋ ಬೆಟ್ಟ, ಎಷ್ಟೋ ಮರಳುಗಾಡು ದಾಟಿ ಬಂದರೂ ಒಂದು ಮೊಳೆ ಸಡಿಲಿಸಿಕೊಳ್ಳದ ತಾವು, ನಮ್ಮೂರಿನ ರಸ್ತೆಯ ಒಂದೇ ಒಂದು ಉಬ್ಬಿಗೆ ಹಿಂದಿನ ಗಾಲಿಯ ಸ್ಪ್ರಿಂಗಿನ ಪಾಟಾ ಮುರಿದುಕೊಂಡಿರಿ. ಈ ಗೌರವಕ್ಕೆ ಊರಿನ ಪರವಾಗಿ ಕೃತಜ್ಞಳಾಗಿದ್ದೇನೆ. ಕೆಲಸ ಮೂರು ತಾಸಿನದು. ಆದರೆ ತಮ್ಮ ಹೊಟ್ಟೆಯೊಳಗೆ ಒಲೆ, ಹಾಸಿಗೆ, ಕಪಾಟು, ನಲ್ಲಿ ಎಲ್ಲ ಇರುವುದನ್ನು ಕಂಡ ನಮ್ಮ ಯಜಮಾನರು ಸಂಜೆಯವರೆಗೆ ತಮ್ಮನ್ನು ಬಿಟ್ಟು ಕದಲಲಿಲ್ಲ. ನಮ್ಮ ಬಚ್ಚಲಿನ ನಲ್ಲಿ ಸೋರುತ್ತದೆ ಎಂದು ಎರಡು ವರ್ಷದಿಂದ ಹೇಳುತ್ತಿರುವ ನನಗೆ "ನಾಳೆ ನೋಡೂಣು ಬಿಡ" ಎನ್ನುವ ಮಹಾನುಭಾವರು, ಯಾರೂ ಕೇಳದಿದ್ದರೂ ತಮ್ಮ ನಲ್ಲಿಗೆ ವಾಷರು ಹಾಕಿದರು, ಕಿಟಕಿಯ ತಿರುಗಣಿಗೆ ಎಣ್ಣೆ ಬಿಟ್ಟರು, ಕಪಾಟಿನ ಹಿಡಿಕೆ ಬಿಗಿದರು. ಅವರಿಗೆ ನಲ್ಲಿ ರಿಪೇರಿ ಬರುತ್ತದೆ ಎಂಬ ಗುಟ್ಟನ್ನು ಹೊರಗೆಡವಿದ್ದಕ್ಕೂ ಧನ್ಯವಾದಗಳು.

ಬಾಗಿಲಿಗೆ ಬಂದವರನ್ನು ಹಸಿವಿನಲ್ಲಿ ಕೂರಿಸುವುದು ನಮ್ಮ ಕಡೆಯ ರೀತಿಯಲ್ಲ. ಆದ್ದರಿಂದ ಒಂದು ಸ್ಟೀಲ್ ಡಬ್ಬಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಳಿಸಿದೆ. ಯಾರ ಮನೆಯ ಡಬ್ಬಿಯನ್ನೂ ಖಾಲಿ ತಿರುಗಿಸಬಾರದು ಎಂಬ ಪದ್ಧತಿ ಕೃಷ್ಣೆ ತುಂಗಭದ್ರೆಯರ ನಡುವಿನದು ಎಂದೇ ನಾನು ತಿಳಿದಿದ್ದೆ. ಅದು ತುರ್ಕಿಯಲ್ಲೂ ಇದೆಯಂತೆ! ತಮ್ಮ ಒಡತಿ ನೆರ್ಮಿನ್ ಬಾಯಿಯವರು ಅದೇ ಡಬ್ಬಿಯಲ್ಲಿ ಅನ್ನ ತುಂಬಿ ಬೇಯಿಸಿದ ಡೊಣ್ಣ ಮೆಣಸಿನಕಾಯಿ ಇಟ್ಟು ಮರಳಿಸಿದರು, ಜೊತೆಗೆ ತಮ್ಮದೊಂದು ಬಿಳಿ ತಟ್ಟೆಯಲ್ಲಿ ದಾಲ್ಚಿನ್ನಿ ಉದುರಿಸಿದ ಹಾಲಿನ ಪಾಯಸ. ಇನ್ನು ಆ ತಟ್ಟೆಯನ್ನು ಖಾಲಿ ಕಳಿಸುವುದು ಹೇಗೆ? ನಾನು ತುಂಬಗಾಯಿ ಮಾಡಿದೆ. ಶೇಂಗಾ, ಗುರೆಳ್ಳು, ಹುಣಸೆ, ಬೆಲ್ಲ ಅರೆದು ಎಳೆ ಬದನೆಕಾಯಿಗೆ ತುಂಬಿ, ತಟ್ಟೆಯಲ್ಲಿ ಜೋಡಿಸಿ, ನಾನೇ ತಮ್ಮ ಬಾಗಿಲಿಗೆ ಕೊಟ್ಟುಬಂದೆ.

ಇಲ್ಲಿಂದ ನನ್ನ ದೂರು ಆರಂಭವಾಗುತ್ತದೆ. ಅದೇ ಹೊತ್ತಿಗೆ ನೆರ್ಮಿನ್ ಬಾಯಿಯವರೂ ಬದನೆಕಾಯಿಯ ಹೊಟ್ಟೆ ಸೀಳಿ, ಉಳ್ಳಾಗಡ್ಡಿ ಟೊಮೆಟೊ ತುಂಬಿ, ಎಣ್ಣೆಯಲ್ಲಿ ಬೇಯಿಸಲು ಇಟ್ಟಿದ್ದರು. ಘಮ ಘಮ ವಾಸನೆ ಗಾಡಿಯ ಕೆಳಗೆ ಮಲಗಿದ್ದ ಯಜಮಾನರ ಮೂಗಿಗೂ ಹೋಗಿತ್ತು. ಅವರು ಕೈ ಒರೆಸಿಕೊಂಡು ಎದ್ದು ಕೂತಾಗ ಆ ತಾಯಿ, ತಮ್ಮದಿನ್ನೂ ಬೆಂದಿರಲಿಲ್ಲವೆಂದೋ ಏನೋ, ನನ್ನ ತಟ್ಟೆಯನ್ನೇ ಅವರ ಮುಂದೆ ಇಟ್ಟರು. ನಾನು ಅಡುಗೆಮನೆಯ ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ನಾಲ್ಕು ಬದನೆಕಾಯಿ ಮುಗಿಸಿ, ಬೆರಳು ಚೀಪಿ, ಅವರು ಅಂದರು: "ಏನ್ ರುಚಿ ಐತ್ರಿ ಅಕ್ಕಾರ! ಇಂಥಾ ಬದನಿಕಾಯಿ ನಮ್ಮ ಮನ್ಯಾಗ ಒಂದ್ ದಿನಾನೂ ಆಗಿಲ್ಲ ನೋಡ್ರಿ."

ಮಾನ್ಯರೇ, ಇಪ್ಪತ್ತೆರಡು ವರ್ಷ ನಾನು ಈ ಮಾತಿಗೆ ಕಾದಿದ್ದೆ. ನಮ್ಮ ಮನೆಯಲ್ಲಿ ಊಟ ಚೆನ್ನಾಗಿದ್ದರೆ ಮೌನ, ಕೆಟ್ಟಿದ್ದರೆ "ಉಪ್ಪು" ಎಂಬ ಎರಡೇ ಅಕ್ಷರ. ಕೊನೆಗೂ ಮಾತು ಬಂತು, ಬೇರೆಯವರ ಹೆಸರಿಗೆ ಬಂತು. ಇಪ್ಪತ್ತೆರಡು ವರ್ಷ ಉಂಡ ನಾಲಗೆಗೆ ಮನೆಯ ಗುರೆಳ್ಳಿನ ಗುರುತು ಹತ್ತಲಿಲ್ಲ. ಖುಷಿಗೆ ಅಳಬೇಕೋ ಸಿಟ್ಟಿಗೆ ಅಳಬೇಕೋ ತಿಳಿಯದೆ ಎರಡಕ್ಕೂ ಸೇರಿಸಿ ಅತ್ತುಬಿಟ್ಟೆ. ನೆರ್ಮಿನ್ ಬಾಯಿಯವರಿಗೆ ಕನ್ನಡ ಬಾರದಿದ್ದರೂ ಕಿಟಕಿಯಲ್ಲಿ ನನ್ನ ಮುಖ ಕಂಡು ಎಲ್ಲ ತಿಳಿಯಿತು. ಯಜಮಾನರತ್ತ ತಿರುಗಿ, ನನ್ನ ಕಡೆ ಬೆರಳು ಮಾಡಲು ಹೊರಟರು. ಬೇಡ ಎಂದು ತಲೆಯಾಡಿಸಿದೆ. ಹೇಳಿದರೆ ಈ ಮನುಷ್ಯ ಏನೆನ್ನುತ್ತಾರೆಂದು ನನಗೆ ಗೊತ್ತು: "ಹೌದಾ? ಅದಕ್ಕ ಒಂಚೂರು ಉಪ್ಪು ಕಡಿಮಿ ಅನಸ್ತು."

ಆದ್ದರಿಂದ ತಾವು ದಯವಿಟ್ಟು ಪ್ರತಿ ರವಿವಾರ ತಪ್ಪದೆ ನಮ್ಮೂರಿಗೆ ಬಂದು ಏನಾದರೊಂದು ಮುರಿದುಕೊಳ್ಳಬೇಕು. ಅದು ಆಗದಿದ್ದರೆ, ಸದರಿ ಬದನೆಕಾಯಿ ತುರ್ಕಿಯದಲ್ಲ, ತಾವರಗೇರಾದ್ದು ಎಂದು ಮುದ್ರೆ ಒತ್ತಿದ ಪ್ರಮಾಣಪತ್ರವೊಂದನ್ನು ಕಳಿಸಬೇಕು, ಅದನ್ನು ಪೆಟ್ಟಿಗೆಯಲ್ಲಿ ಬಚ್ಚಿಟ್ಟು, ನನ್ನ ಹೆಣದ ಜೊತೆಗಷ್ಟೇ ಹೊರಗೆ ತೆಗೆಯಲಾಗುವುದು.

ತಮ್ಮ ವಿಶ್ವಾಸಿ, ತಮ್ಮ ದೆಸೆಯಿಂದ ತನ್ನ ಅಡುಗೆಗೇ ಸೋತವಳು,
ಯಮನೂರಮ್ಮ

ತಾ.ಕ.: ತಾವು ಹೋದ ಮೇಲೆ ಯಜಮಾನರು "ಆ ಅಕ್ಕಾರ ಹಂಗ ಮಾಡೂದು ಕಲಿ" ಎಂದು ಅಪ್ಪಣೆ ಮಾಡಿದ್ದಾರೆ. ನಾನು ಪ್ರತಿ ರವಿವಾರ ನನ್ನ ಅದೇ ತುಂಬಗಾಯಿ ಮಾಡುತ್ತೇನೆ. ಮೊದಲ ವಾರ "ಅವ್ರ ಕೈರುಚಿ ಬಂದಿಲ್ಲ ಬಿಡ" ಅಂದರು. ಎರಡನೆಯ ವಾರ "ಒಂಚೂರು ದಾರಿಗಿ ಬಂದೀ." ನಿನ್ನೆ "ಇನ್ನ ಒಂದ್ ಮೂರ್ನಾಕ್ ಸಲ ಮಾಡಿದ್ರ ಬರತೈತಿ" ಎಂದು ಧೈರ್ಯ ತುಂಬಿ, ಊಟ ಮುಗಿದರೂ ಏಳದೆ ಅರ್ಧ ತಾಸು ಬದನೆಕಾಯಿಯ ಬಗ್ಗೆ ಮಾತಾಡಿದರು. ಈ ಜನ್ಮದಲ್ಲಿ ಅದನ್ನು ಪೂರ್ತಿ ಕಲಿಯುವ ಆಲೋಚನೆ ನನಗಿಲ್ಲ.