ಅನುದಾನದ ಸಾಹೇಬರು ರಂಗಕ್ಕೆ ಬಂದದ್ದು

ಇದೆಲ್ಲ ನಡೆದದ್ದು ಮುಂಬಯಿ ಪಕ್ಕದ ಠಾಣೆಯ ವರ್ತಕ ನಗರದ ಒಂದು ಶಾಲೆಯಲ್ಲಿ. ಅಥವಾ ಅದು ಆ ಶಾಲೆಯ ಹಾಲ್ ಆಗಿರಲೇ ಇಲ್ಲವೋ ಏನೋ. ಕಾಕುವನ್ನು, ಅಂದರೆ ನಮ್ಮ ಚಿಕ್ಕಮ್ಮನನ್ನು, ಕೇಳಿದರೆ ಕಲ್ಯಾಣ ಅನ್ನುತ್ತಾಳೆ. ಅಂದು ರಕ್ಕಸನ ವೇಷ ಹಾಕಿದ್ದವನನ್ನು ಕೇಳಿದರೆ, ಊರು ನೆನಪಿಲ್ಲ, ಅಲ್ಲಿ ಫ್ಯಾನ್ ಇರಲಿಲ್ಲ ಎನ್ನುವುದಷ್ಟೇ ನೆನಪಿದೆ ಅನ್ನುತ್ತಾನೆ. ನನಗೋ ಫ್ಯಾನ್ ಕಿರುಗುಟ್ಟುತ್ತಿದ್ದ ಸದ್ದು ಇನ್ನೂ ಕಿವಿಯಲ್ಲಿದೆ! ಎಂಬತ್ತರ ದಶಕದ ಶುರುವಿನ ಒಂದು ಭಾನುವಾರ ಮಧ್ಯಾಹ್ನ ಎಂಬುದರಲ್ಲಿ ಮಾತ್ರ ಮೂವರಿಗೂ ಒಮ್ಮತ. ಮೂವರೂ ಒಪ್ಪಿದ್ದರಿಂದಲೇ ನನಗೆ ಅದರ ಮೇಲೂ ಸ್ವಲ್ಪ ಅನುಮಾನ.

ಒಂದು ಸಂಗತಿಯನ್ನು ಮಾತ್ರ ಯಾರೂ ಅಲ್ಲಗಳೆಯುವುದಿಲ್ಲ. ನಮ್ಮ ಕಾಕಾ ಭಾರತ ಸರ್ಕಾರವನ್ನು ಅಡ್ಡಗಟ್ಟಿ ‘ನೀವು ಯಾರು?’ ಎಂದು ಕೇಳಿದ ಮನುಷ್ಯ.

ಅದು ಉದ್ಧಟತನವಲ್ಲ, ಕಸುಬು. ಹೊಟ್ಟೆಪಾಡಿಗೆ ಕಾಕಾ ತುರ್ಭೆಯ ಕಾರ್ಖಾನೆಯೊಂದರಲ್ಲಿ ಟೈಮ್‌ಕೀಪರ್. ಉಳಿದ ಹೊತ್ತು ದೊಡ್ಡಾಟದ ಸಾರಥಿ. ದೊಡ್ಡಾಟದಲ್ಲಿ ಯಾವ ಪಾತ್ರವೂ ಸುಮ್ಮನೆ ಬಂದು ಮಾತು ಶುರುಮಾಡುವಂತಿಲ್ಲ. ರಾಜನಿರಲಿ, ರಕ್ಕಸನಿರಲಿ, ರಂಗಕ್ಕೆ ಬಂದೊಡನೆ ಸಾರಥಿ ಎದುರು ನಿಂತು ಹೆಸರೇನು, ಯಾವ ಪಟ್ಟಣ, ಬಂದ ಕಾರಣವೇನು ಎಂದು ಕೇಳಬೇಕು. ಪಾತ್ರ ತನ್ನ ಕುಲ, ಪರಾಕ್ರಮ, ದುಃಖವನ್ನೆಲ್ಲ ಹೇಳಿ ಮುಗಿಸುವ ತನಕ ನಡುವೆ ಬಾಯಿ ಹಾಕಬಾರದು.

ಇದೆಲ್ಲ ರಂಗದ ಮೇಲೆ ನಡೆದರೆ ಯಾರಿಗೇನು ತಕರಾರು? ಆದರೆ ಕಾಕಾನ ರಂಗ ಡೊಂಬಿವಲಿಯ ಚಾಳಿನ ನಮ್ಮ ಮನೆಯ ಹೊಸ್ತಿಲಿನಿಂದಲೇ ಶುರುವಾಗುತ್ತಿತ್ತು! ಗ್ಯಾಸ್ ತಂದವನು ಸಿಲಿಂಡರನ್ನು ಹೆಗಲ ಮೇಲೆ ಹೊತ್ತುಕೊಂಡೇ ತನ್ನ ಜಿಲ್ಲೆ, ಊರು, ಊರಲ್ಲಿ ಬಿಟ್ಟುಬಂದ ಎಮ್ಮೆಯ ವರ್ತಮಾನ ಒಪ್ಪಿಸಬೇಕಾಗಿತ್ತು. ಒಮ್ಮೆ ಲೋಕಲ್ಲಿನಲ್ಲಿ ಟಿ.ಸಿ. ಟಿಕೆಟ್ ಕೇಳಿದ. ಕಾಕಾ ಅವನ ಊರು ಕೇಳಿದ. ಮುಂಬ್ರಾ ಬರುವಷ್ಟರಲ್ಲಿ ಟಿ.ಸಿ. ತನ್ನ ಸೊಸೆಯ ಸ್ವಭಾವ ಹೇಳಿಕೊಂಡು ನಿಟ್ಟುಸಿರು ಬಿಡುತ್ತಿದ್ದ. ಕಾಕಾನ ಜೇಬಿನಲ್ಲಿ ಪಾಸ್ ಇತ್ತು. ಅದನ್ನು ನೋಡುವ ಪುರಸೊತ್ತು ಆ ಬಡಪಾಯಿಗೆ ಸಿಗಲೇ ಇಲ್ಲ.

ನಮ್ಮ ಅಕ್ಕನನ್ನು ನೋಡಲು ಸೊಲ್ಲಾಪುರದಿಂದ ಗಂಡಿನ ಕಡೆಯವರು ಬಂದಾಗಲೂ ಇದೇ ಕತೆ. ಅವರು ಹೋದ ಮೇಲೆ ಕಾಕು ಹರಿಹಾಯ್ದಳು.

“ಹೆಣ್ಣ ನೋಡಾಕ ಬಂದೋರನ್ನ ಹಿಂಗ ಬಾಗಲ್ದಾಗ ನಿಂದ್ರಿಸಿ ಕೇಳ್ತಾರೇನ್ರಿ? ಪೊಲೀಸ್ ಚೌಕಿ ಅನ್ಕೊಂಡ್ರು ಅವ್ರು!”

“ಏ, ಕೇಳಲಿಲ್ಲಂದ್ರ ಹೆಂಗ ತಿಳೀಬೇಕ? ಹುಡುಗ ಹೆಸರ ಹೇಳಿದ, ಊರ ಹೇಳಿದ. ಬಂದ ಕಾರಣ ಕೇಳಿದ್ರ ಅವರವ್ವನ ಮಾರಿ ನೋಡಿದ! ಅಂಥವಂಗ ಹುಡಿಗಿ ಕೊಡ್ತಿ ಏನ?”

ಸಂಬಂಧ ಅಲ್ಲಿಗೇ ನಿಂತಿತು. ಆ ಹುಡುಗನ ಮುಂದಿನ ಪ್ರತಾಪಗಳನ್ನು ಕೇಳಿದ ಅಕ್ಕ ಇವತ್ತಿಗೂ ಕಾಕಾನಿಗೆ ಮನಸ್ಸಿನಲ್ಲೇ ಕೈ ಮುಗಿಯುತ್ತಾಳೆ.

ಇಂಥ ಮನುಷ್ಯನಿಗೆ ಸರ್ಕಾರದ ಅನುದಾನ ಯಾಕೆ ಬೇಕಾಯಿತು? ರಕ್ಕಸನನ್ನು ಕೊಲ್ಲುವುದಕ್ಕೆ!

ನಗಬೇಡಿ. ಊರಿನಲ್ಲಿ ಆಟ ಬೆಳಗಿನ ತನಕ ನಡೆಯುತ್ತದೆ. ರಕ್ಕಸ ಸಾಯುವುದು ಹೊತ್ತು ಮೂಡುವಾಗ. ಅವನು ಸತ್ತ ಮೇಲೆ ಮಂಗಳ ಹಾಡಿ ಆಟ ಮುಗಿಸುತ್ತಾರೆ. ಇಲ್ಲಿ ಹಾಲ್‌ನವರು ರಾತ್ರಿ ಹತ್ತು ಗಂಟೆಗೇ ದೀಪ ಆರಿಸುತ್ತಿದ್ದರು. ಮೇಲಾಗಿ ರಕ್ಕಸ ತುರ್ಭೆಯಲ್ಲಿ ಲಾರಿಗೆ ಮಾಲು ಹೇರುವ ಹಮಾಲ. ಬೆಳಿಗ್ಗೆ ಹಾಜರಿ ತಪ್ಪಿದರೆ ಆ ದಿನದ ಕೂಲಿ ಇಲ್ಲ. ಹಾಗಾಗಿ ವರ್ಷವರ್ಷವೂ ರಕ್ಕಸ ಬರುತ್ತಿದ್ದ, ಅಬ್ಬರಿಸುತ್ತಿದ್ದ, ಯುದ್ಧಕ್ಕೆ ಹೊರಡುತ್ತಿದ್ದ, ನೇರ ಸ್ಟೇಷನ್ನಿಗೆ ಹೋಗುತ್ತಿದ್ದ! ಡೊಂಬಿವಲಿಯಲ್ಲಿ ನಮ್ಮ ರಕ್ಕಸ ಒಂದು ಸಲವೂ ಸತ್ತಿರಲಿಲ್ಲ. ಅವನು ಸಾಯದೆ ಕಾಕಾ ಮಂಗಳ ಹಾಡುತ್ತಿರಲಿಲ್ಲ.

“ಆಟ ಮುಗೀದ ಮಂಗಳ ಹಾಡಿದ್ರ ಸುಳ್ಳ ಹೇಳಿದಂಗ ಆಗ್ತದ,” ಎನ್ನುತ್ತಿದ್ದ. ಊರು ಬಿಟ್ಟು ಬಂದಮೇಲೆ ಶುರುವಾದ ಆಟ ಅವನ ಪಾಲಿಗೆ ಇನ್ನೂ ನಡೆಯುತ್ತಲೇ ಇತ್ತು. ಅನುದಾನ ಸಿಕ್ಕರೆ ಇಡೀ ರಾತ್ರಿಗೆ ಹಾಲ್ ಹಿಡಿಯಬಹುದು, ಆಟದವರಿಗೆ ತಪ್ಪಿದ ಕೂಲಿ ಕಟ್ಟಿಕೊಡಬಹುದು. “ಒಂದ ಸಲ ಪೂರ್ತಿ ಆಡಿ ಮಂಗಳ ಹಾಡಬೇಕಪಾ. ಅಷ್ಟ.”

ಮುಂಬಯಿಯ ಕಚೇರಿಯವರು, ಇದು ಕನ್ನಡದ ಕಲೆ, ಬೆಂಗಳೂರಿಗೆ ಹೋಗಿ ಎಂದರು. ಬೆಂಗಳೂರಿನವರು, ನೀವು ಠಾಣೆ ಜಿಲ್ಲೆಯವರು, ಮುಂಬಯಿಗೆ ಹೋಗಿ ಎಂದರು. ಎರಡೂ ಕಡೆ ಕಾಕಾ ಅಧಿಕಾರಿಗಳ ಊರು, ಕುಲ ಎಲ್ಲ ತಿಳಿದುಕೊಂಡು ಬಂದ. ಬೇರೇನೂ ಬರಲಿಲ್ಲ.

“ಕಾಕಾ, ಸರ್ಕಾರದ ಸಂಗಾಟ ಯಾಕ ಗುದ್ದಾಡ್ತೀರಿ?” ಎಂದ ರಕ್ಕಸ. “ನನ್ನ ಹಾಜರಿ ಹಾಕೋ ಮುಕಾದಮಂಗ ಹೇಳ್ರಿ, ಒಂದಿನ ಸಾಯಾಕ ರಜಾ ಕೊಡು ಅಂತ!”

ಕೊನೆಗೆ ಕಾಕಾ ದಿಲ್ಲಿಗೆ ಬರೆದ. ಅಚ್ಚರಿಯೆಂದರೆ ದಿಲ್ಲಿಯಿಂದ ಒಬ್ಬ ಸಾಹೇಬರು ಪರೀಕ್ಷೆಗೆ ಹೊರಟೇಬಿಟ್ಟರು! ಅವರ ಬಳಿ ಇದ್ದದ್ದು ಒಂದು ಗಂಟೆ. ಆಟವನ್ನು ಕಣ್ಣಾರೆ ಕಂಡರೆ ಮಾತ್ರ ಶಿಫಾರಸು. ರಕ್ಕಸನ ಪ್ರವೇಶ ತೋರಿಸುವುದೆಂದು ನಿಶ್ಚಯವಾಯಿತು.

ಸಾಹೇಬರು ಮರಾಠಿಯವರು, ನರೆತ ಮೀಸೆಯ ಸೌಮ್ಯ ಮನುಷ್ಯ. ಮೊದಲು ಹಾರ ಹಾಕೋಣವೆಂದು ನಮ್ಮವರು ಅವರನ್ನು ವೇದಿಕೆಗೆ ಕರೆದರು. ಅವರು ಪಾತ್ರಗಳು ಬರುವ ಕಡೆಯ ಮೆಟ್ಟಿಲನ್ನೇ ಹತ್ತಿ ಬಂದರು. ಯಾರೋ ಬಂದದ್ದು ಕಂಡು ಮದ್ದಳೆಯವನ ಕೈ ತಾನಾಗಿಯೇ ನುಡಿಯಿತು. ಮದ್ದಳೆ ನುಡಿದ ಮೇಲೆ ಕಾಕಾನನ್ನು ಹಿಡಿಯುವವರು ಯಾರು?

“ಭಲಾ! ಬಂದಂಥವರು ಯಾರು? ಯಾವ ಪಟ್ಟಣ? ಬಂದ ಕಾರಣವೇನು?”

ಮದ್ದಳೆಯವನು ಅಂಜುತ್ತಲೇ ಮರಾಠಿಯಲ್ಲಿ ತಿಳಿಸಿದ. ಸಾಹೇಬರು ನಕ್ಕು, ಹೆಸರು ಹೇಳಿ, ದಿಲ್ಲಿ ಎಂದು ಹೇಳಿ, ಕಾರ್ಯಕ್ರಮ ನೋಡಲು ಬಂದೆ ಎಂದರು. ಯಾರೋ ಹಾರ ಹಾಕಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಕಾಕಾ ಮಾತ್ರ ಕದಲಲಿಲ್ಲ.

“ಅದು ನೌಕರಿ ಆತ್ರಿ. ಕಾರಣ ಏನ್ರಿ?”

ಮದ್ದಳೆಯವನು ಇದನ್ನೂ ಮರಾಠಿಗೆ ತಿರುಗಿಸಿದ. ಸಾಹೇಬರ ನಗು ನಿಂತಿತು. ಕೊರಳಿನ ಹಾರ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಆಮೇಲೆ ಮರಾಠಿಯಲ್ಲೇ ಶುರುಮಾಡಿದರು. ಕೊಂಕಣದ ಒಂದು ಹಳ್ಳಿ, ಅಲ್ಲಿಯ ಆಟದಲ್ಲಿ ಹೆಣ್ಣುವೇಷ ಹಾಕುತ್ತಿದ್ದ ಅಪ್ಪ, ಅದಕ್ಕೆ ನಾಚಿ ಪುಣೆಗೆ ಓದಲು ಹೋದ ಮಗ. ಮೊದಲು ಸಭೆಗೆಲ್ಲ ಕೇಳುವಂತೆ ಹೇಳಿದರು. ಬರಬರುತ್ತಾ ಕಾಕಾನೊಬ್ಬನಿಗೇ ಹೇಳತೊಡಗಿದರು.

ನಾನು ಪರದೆಯ ಹಿಂದೆ ರಕ್ಕಸನ ಭುಜಕೀರ್ತಿಯ ದಾರ ಬಿಗಿಯುತ್ತಿದ್ದೆ.

“ತಮ್ಮಾ, ನಾ ಯಾವಾಗ ಬರ್ಲೋ? ಬಣ್ಣ ಇಳ್ಯಾಕತ್ತೇತಿ!”

“ತಡಿ ಮಾರಾಯಾ, ಸಾಹೇಬ್ರು ಇನ್ನೂ ಅಪ್ಪನ ಊರಾಗ ಅದಾರ.”

ಗಂಟೆ ಮುಗಿಯುತ್ತಾ ಬಂತು. ಕೆಳಗಿನಿಂದ ಯಾರೋ ಕಾಕಾನಿಗೆ ಕೈಸನ್ನೆ ಮಾಡಿ ಮಾಡಿ ಸೋತರು. ಕಾಕಾ ನಡುವೆ ಬಾಯಿ ಹಾಕಲಿಲ್ಲ. ಕಡೆಗೆ ಸಾಹೇಬರು ತಲೆ ತಗ್ಗಿಸಿ ಏನೋ ಒಂದು ಮಾತು ಹೇಳಿದರು. ಎದುರಿಗೆ ನಿಂತಿದ್ದ ಕಾಕಾನಿಗಷ್ಟೇ ಅದು ಕೇಳಿಸಿತು.

ಕಾಕಾ ಕಣ್ಣು ಮುಚ್ಚಿ ಮಂಗಳ ಹಾಡಿದ.

ಅಷ್ಟು ವರ್ಷ ಹಾಡದೆ ಇಟ್ಟುಕೊಂಡಿದ್ದ ಮಂಗಳ! ಮಂಗಳವಾದ ಮೇಲೆ ಯಾವ ಪಾತ್ರವೂ ರಂಗಕ್ಕೆ ಬರುವಂತಿಲ್ಲ. ರಕ್ಕಸ ಮೆಟ್ಟಿಲ ಮೇಲೆ ಕುಳಿತು ಕಿರೀಟ ಬಿಚ್ಚಿದ. ಸಾಹೇಬರು ಹಾರವನ್ನು ಕೈಯಲ್ಲಿ ಹಿಡಿದುಕೊಂಡೇ ಜೀಪು ಹತ್ತಿದರು. ಅನುದಾನ ಬರಲಿಲ್ಲ. ಪ್ರದರ್ಶನ ನೋಡಲಾಗಲಿಲ್ಲ ಎಂದು ದಿಲ್ಲಿ ತಿಳಿಸಿತು. ಸುಳ್ಳೇನಲ್ಲವಲ್ಲ!

“ಇಷ್ಟ ವರ್ಷ ಕಾದು, ಅವರಪ್ಪನ ಕತಿಗೆ ಮಂಗಳ ಹಾಡಿ ಬಂದ್ರಲ್ಲ!” ಎಂದು ಕಾಕು ಅತ್ತೇಬಿಟ್ಟಳು.

“ಅವ್ರದ ಒಂದ ಮುಗೀತಲ್ಲ,” ಎಂದ ಕಾಕಾ. “ನಮ್ದು ನಡೀಲಿ ಬಿಡು.”

ಅದು ನಡೆಯಲೂ ಇಲ್ಲ. ಕಾರ್ಖಾನೆಯ ಪಾಳಿ ಬದಲಾಗಿ ಆಟದವರು ಚದುರಿದರು. ಎರಡು ವರ್ಷದ ಮೇಲೆ ಕಾಕಾ ತೀರಿಹೋದ.

ಸಾಹೇಬರ ಅಪ್ಪ ರಂಗದ ಮೇಲೇ ಪ್ರಾಣ ಬಿಟ್ಟಿದ್ದರಂತೆ, ಅಂದು ಮಂಗಳ ಹಾಡುವವರೇ ಇರಲಿಲ್ಲವಂತೆ ಎಂದು ಅಕ್ಕ ಹೇಳುತ್ತಾಳೆ. ಅವಳು ಆ ದಿನ ಅಲ್ಲಿರಲಿಲ್ಲ. ಇಷ್ಟು ಒಪ್ಪವಾಗಿ ಕೂಡಿಬರುವ ಕತೆಯನ್ನು ನಂಬಲು ನನಗೆ ಮನಸ್ಸಾಗುವುದಿಲ್ಲ. ಕಾಕಾನನ್ನು ನಾನೂ ಒಮ್ಮೆ ಕೇಳಿದ್ದೆ. ಯಾರು ಏನು ಕೇಳಿದರೂ ಮರುಪ್ರಶ್ನೆ ಹಾಕುವ ಮನುಷ್ಯ ಅಂದು ಸುಮ್ಮನೆ ನನ್ನ ತಲೆಯ ಮೇಲೆ ಕೈಯಿಟ್ಟ. ಸಾಹೇಬರು ಈಗ ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ. ಅವರು ಹೇಳಿದ ಆ ಮಾತು ಏನೆಂದು ನನಗೆ ಗೊತ್ತಿಲ್ಲ.